ಕಟ್ಟಡದ ಆಕಾರ ಮತ್ತು ಹಸಿರು ಪ್ರಮಾಣಪತ್ರದ ಇಂಧನ ಲೆಕ್ಕ: ವಿಜಯಪುರ ಭಾಗದವರಿಗೊಂದು ಮಾರ್ಗದರ್ಶಿ

ಆಸ್ಪತ್ರೆ, ಹೋಟೆಲ್, ಕಾಲೇಜು ಅಥವಾ ಕಚೇರಿ ಕಟ್ಟಡಕ್ಕೆ ಹಸಿರು ಪ್ರಮಾಣಪತ್ರ (ಇಂಧನ, ನೀರು ಉಳಿಸುವ ಕಟ್ಟಡಕ್ಕೆ ಅಂಕ ಎಣಿಸಿ ಕೊಡುವ ಮಾನ್ಯತೆ) ಪಡೆಯಬೇಕೆಂದು ಹೊರಟ ವಿಜಯಪುರ, ಬಾಗಲಕೋಟೆ ಭಾಗದ ಮಾಲೀಕರೂ ಎಂಜಿನಿಯರರೂ ಪದೇ ಪದೇ ಕೇಳುವ ಪ್ರಶ್ನೆ ಒಂದೇ ಆಗಿದೆ: ಕಟ್ಟಡದ ಆಕಾರ ಬದಲಿಸಿದರೆ ಎಷ್ಟು ಅಂಕ ಹೆಚ್ಚುತ್ತವೆ? ಆಕಾರದಿಂದ ವಿದ್ಯುತ್ ಬಿಲ್ಲು ಬಹಳ ಬದಲಾಗುತ್ತದೆ, ಆದರೆ ಅಂಕಗಳು ಅದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ, ಕೆಲವೊಮ್ಮೆ ತಿರುಗುಮುರುಗಾಗಿಯೂ ಬದಲಾಗುತ್ತವೆ ಎಂಬುದು ಇದಕ್ಕೆ ಉತ್ತರ. ಹಾಗಾಗುವುದು ಏಕೆ, ಮತ್ತು ಅದನ್ನು ತಿಳಿದುಕೊಂಡು ಲೆಕ್ಕವನ್ನು ಯಾವ ಕ್ರಮದಲ್ಲಿ ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎನರ್ಜಿ ಮಾಡೆಲಿಂಗ್ ಎಂದರೆ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಬಿಡಿಸಿ, ವರ್ಷದ 8,760 ಗಂಟೆಗಳ ಹವೆಯನ್ನು ಅದರ ಮೇಲೆ ಹಾಯಿಸಿ, ಎಸಿ, ದೀಪ, ಫ್ಯಾನು, ಪಂಪುಗಳು ಒಟ್ಟು ಎಷ್ಟು ಯೂನಿಟ್ ಬಳಸುತ್ತವೆ ಎಂದು ಲೆಕ್ಕ ಹಾಕುವ ಕೆಲಸ. ಬಂದ ಮೊತ್ತವನ್ನು ಕಟ್ಟಡದ ವಿಸ್ತೀರ್ಣದಿಂದ ಭಾಗಿಸಿದರೆ ಪ್ರತಿ ಚದರ ಮೀಟರಿಗೆ ವರ್ಷಕ್ಕೆ ಇಷ್ಟು ಯೂನಿಟ್ ಎಂಬ ಅಂಕಿ ದೊರೆಯುತ್ತದೆ. ಇದನ್ನು ಇಪಿಐ, ಅಂದರೆ ಇಂಧನ ಕಾರ್ಯಕ್ಷಮತೆಯ ಸೂಚ್ಯಂಕ ಎನ್ನುತ್ತಾರೆ.

ಮೊದಲು ಕೈಯಲ್ಲಿರಬೇಕಾದವು

ಪ್ರತಿ ಮಹಡಿಯ ನಕ್ಷೆ, ನಿಜವಾದ ಉತ್ತರ ದಿಕ್ಕು ಗುರುತಿಸಿದ ಸರ್ವೆ ನಕ್ಷೆ, ಸುತ್ತಲಿನ ಕಟ್ಟಡಗಳ ಎತ್ತರ ಮತ್ತು ದೂರ, ಗೋಡೆ ಹಾಗೂ ಮೇಲ್ಛಾವಣಿಯ ಪದರಗಳ ವಿವರ, ಗಾಜಿನ ಕಂಪನಿಯ ತಾಂತ್ರಿಕ ಹಾಳೆ, ಕಟ್ಟಡ ಬಳಕೆಯಲ್ಲಿರುವ ವೇಳಾಪಟ್ಟಿ. ತಂತ್ರಾಂಶಕ್ಕೆ ಎನರ್ಜಿಪ್ಲಸ್ ಉಚಿತವಾಗಿ ಸಿಗುತ್ತದೆ. ಡಿಸೈನ್‌ಬಿಲ್ಡರ್ ಮತ್ತು ಓಪನ್‌ಸ್ಟುಡಿಯೊ ಅದೇ ಎಂಜಿನ್ನಿನ ಮೇಲೆ ಕೆಲಸ ಮಾಡುತ್ತವೆ. ನಕ್ಷೆಯ ಅಂಚಿನಲ್ಲಿ ಡ್ರಾಫ್ಟ್ಸ್‌ಮನ್ ಹಾಕಿದ ಬಾಣವನ್ನು ಉತ್ತರವೆಂದು ನಂಬಬೇಡಿ. ಹಾಳೆಯಲ್ಲಿ ನೇರವಾಗಿ ಕೂರಲೆಂದು ನಕ್ಷೆಯನ್ನು ತಿರುಗಿಸಿ, ಬಾಣವನ್ನು ಮಾತ್ರ ಮೇಲ್ಮುಖವಾಗಿಯೇ ಉಳಿಸುವ ರೂಢಿ ನಮ್ಮಲ್ಲಿ ಬಹಳ ಇದೆ.

1. ಯಾವ ಅಳತೆಗೋಲು ಎಂಬುದನ್ನು ಮೊದಲು ನಿರ್ಧರಿಸಿ

ಪ್ರಮಾಣಪತ್ರ ಯಾವುದು ಎನ್ನುವುದರ ಮೇಲೆ ಆಕಾರದ ಬೆಲೆ ನಿಂತಿದೆ. ಅಮೆರಿಕದ ಹಸಿರು ಪ್ರಮಾಣಪತ್ರವಾದ ಲೀಡ್ ಪದ್ಧತಿಯು, ಅಲ್ಲಿನ ಎಸಿ ಎಂಜಿನಿಯರರ ಸಂಘವಾದ ಆಶ್ರೇ ಹೊರಡಿಸಿದ 90.1 ಎಂಬ ಇಂಧನ ಮಾನಕದ ಅನುಬಂಧ ಜಿಯನ್ನು ಅನುಸರಿಸುತ್ತದೆ. ಅದರಲ್ಲಿ ನಿಮ್ಮ ಕಟ್ಟಡವನ್ನು ಮಾನಕದ ನಿಯಮದಂತೆ ರೂಪಿಸಿದ ಬೇಸ್‌ಲೈನ್ ಎಂಬ ಕಾಲ್ಪನಿಕ ಕಟ್ಟಡದೊಂದಿಗೆ ಹೋಲಿಸಿ, ಶೇಕಡಾ ಎಷ್ಟು ಉಳಿತಾಯ ಎಂದು ನೋಡುತ್ತಾರೆ. ನಮ್ಮ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ, ಅಂದರೆ ಇಸಿಬಿಸಿ 2017, ಇದೇ ಮಾದರಿಯ ಹೋಲಿಕೆಯನ್ನು ಇಪಿಐ ಅನುಪಾತ ಎಂದು ಕರೆಯುತ್ತದೆ. ಪ್ರಸ್ತಾವಿತ ಕಟ್ಟಡದ ಇಪಿಐಯನ್ನು ಪ್ರಮಾಣಿತ ಕಟ್ಟಡದ ಇಪಿಐಯಿಂದ ಭಾಗಿಸಿದಾಗ ಉತ್ತರ 1ನ್ನು ಮೀರಬಾರದು. ಗೃಹ (GRIHA) ಎಂಬ ಭಾರತದ್ದೇ ಪ್ರಮಾಣಪತ್ರ ಪದ್ಧತಿಯಲ್ಲಿ ಇಪಿಐಯನ್ನು ಮೊದಲೇ ನಿಗದಿಯಾದ ಮಟ್ಟದೊಂದಿಗೆ ಹೋಲಿಸುವ ಕ್ರಮವಿದೆ. ವಸತಿ ಕಟ್ಟಡಗಳಿಗಾದರೆ ಇಕೋ ನಿವಾಸ್ ಸಂಹಿತೆ 2018 ಇದ್ದು, ಅದು ಆರ್‌ಇಟಿವಿ ಎಂಬ ಅಂಕಿಯನ್ನು ಪ್ರತಿ ಚದರ ಮೀಟರಿಗೆ 15 ವ್ಯಾಟ್ ಮೀರದಂತೆ ಇಡಬೇಕೆನ್ನುತ್ತದೆ. ಮೇಲ್ಛಾವಣಿ ಬಿಟ್ಟು ಉಳಿದ ಹೊರಮೈಯಿಂದ ಒಳಬರುವ ಶಾಖದ ಅಳತೆ ಅದು.

ಇಲ್ಲಿ ಗಮನಿಸಬೇಕಾದದ್ದು ಭಾಗಿಸುವ ಸಂಖ್ಯೆಯನ್ನು. ಬೇಸ್‌ಲೈನ್ ಕಟ್ಟಡವೂ ನಿಮ್ಮ ಕಟ್ಟಡದ ಆಕಾರವನ್ನೇ ಹೊತ್ತಿರುತ್ತದೆ. ನೀವು ಅಂಕುಡೊಂಕಾಗಿ ಕಟ್ಟಿ ಗೋಡೆಯನ್ನು ಒಂದೂವರೆ ಪಟ್ಟು ಮಾಡಿದರೆ ಬೇಸ್‌ಲೈನ್ ಗೋಡೆಯೂ ಒಂದೂವರೆ ಪಟ್ಟಾಗುತ್ತದೆ, ತಪ್ಪು ಎರಡೂ ಕಡೆ ಸಮನಾಗಿ ಕೂತು ಶೇಕಡಾವಾರಿನಲ್ಲಿ ಕಾಣದೆ ಹೋಗುತ್ತದೆ. ಆರ್‌ಇಟಿವಿಯಲ್ಲಿಯೂ ಒಟ್ಟು ಶಾಖವನ್ನು ಹೊರಮೈಯ ವಿಸ್ತೀರ್ಣದಿಂದಲೇ ಭಾಗಿಸುವುದರಿಂದ ಗೋಡೆ ಎಷ್ಟು ಉದ್ದವಿದೆ ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ. ನಿಗದಿತ ಮಟ್ಟದೊಂದಿಗೆ ಇಪಿಐಯನ್ನು ಹೋಲಿಸುವ ಪದ್ಧತಿಯಲ್ಲಿ ಮಾತ್ರ ಆಕಾರದ ಲಾಭ ನಷ್ಟಗಳು ನೇರವಾಗಿ ಎದುರಿಗೆ ಬರುತ್ತವೆ. ಆದುದರಿಂದ ಪ್ರಮಾಣಪತ್ರದ ಮಾದರಿಯನ್ನು ಕಟ್ಟುವ ಮೊದಲೇ, ಇಪಿಐ ಒಂದನ್ನೇ ಮುಂದಿಟ್ಟುಕೊಂಡು, ಆಕಾರದ ಪರೀಕ್ಷೆಯನ್ನು ಪ್ರತ್ಯೇಕವಾಗಿ ಮುಗಿಸಿಕೊಳ್ಳಬೇಕು. ಪ್ರಮಾಣಪತ್ರದ ಲೆಕ್ಕ ಶುರುವಾಗುವ ಹೊತ್ತಿಗೆ ಸಾಮಾನ್ಯವಾಗಿ ತಳಪಾಯದ ಗುರುತು ಹಾಕಿ ಆಗಿರುತ್ತದೆ.

2. ಹವಾಮಾನದ ಕಡತ

ಮಾಡೆಲಿಂಗ್ ತಂತ್ರಾಂಶಕ್ಕೆ ಗಂಟೆಗಂಟೆಯ ಉಷ್ಣತೆ, ತೇವ, ಗಾಳಿ, ಬಿಸಿಲುಗಳಿರುವ ಇಪಿಡಬ್ಲ್ಯೂ ಕಡತ ಬೇಕು. ನಿಮ್ಮ ಊರಿನ ಕಡತ ಸಿಗದಿದ್ದರೆ ಬೆಂಗಳೂರಿನದನ್ನು ಹಾಕಿ ಮುಗಿಸುವುದು ಬಹುಜನ ಮಾಡುವ ತಪ್ಪು. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ, ವಿಜಯಪುರ 600 ಮೀಟರಿನ ಆಸುಪಾಸಿನಲ್ಲಿದೆ. ಎರಡೂ ಊರುಗಳ ಏಪ್ರಿಲ್ ಮಧ್ಯಾಹ್ನಗಳನ್ನು ಕಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ. ವಿಜಯಪುರದ ಕಟ್ಟಡಕ್ಕೆ ಸುಮಾರು 100 ಕಿಲೋಮೀಟರ್ ದೂರದ ಸೊಲ್ಲಾಪುರವಾಗಲಿ ಅದಕ್ಕಿಂತ ದೂರದ ಕಲಬುರಗಿಯಾಗಲಿ ಬೆಂಗಳೂರಿಗಿಂತ ಹತ್ತಿರದ ಹವೆ. ಬೆಳಗಾವಿಯ ಕಡತವನ್ನು ವಿಜಯಪುರಕ್ಕೆ ಬಳಸುವುದೂ ಸರಿಯಲ್ಲ, ಏಕೆಂದರೆ ಬೆಳಗಾವಿ ಘಟ್ಟದ ಮಗ್ಗುಲಲ್ಲಿದ್ದು ಮಳೆಯೂ ತೇವವೂ ಅಲ್ಲಿ ಬಹಳ ಹೆಚ್ಚು. ಊರು ಯಾವ ಹವಾಮಾನ ವಲಯಕ್ಕೆ ಸೇರುತ್ತದೆ ಎಂಬುದನ್ನು ಸಂಹಿತೆಯ ಪಟ್ಟಿಯಲ್ಲಿ ನೋಡಿಯೇ ಬರೆಯಿರಿ. ಯಾವ ಕಡತ ಏಕೆ ಬಳಸಿದಿರಿ ಎಂಬುದನ್ನು ವರದಿಯಲ್ಲಿ ಒಂದು ವಾಕ್ಯದಲ್ಲಿ ಹೇಳಿದರೆ ಪರಿಶೀಲಕರ ಒಂದು ಪ್ರಶ್ನೆ ಕಡಿಮೆಯಾಗುತ್ತದೆ.

3. ಪೆಟ್ಟಿಗೆ ಮಾದರಿಗಳಲ್ಲಿ ಆಕಾರದ ಪರೀಕ್ಷೆ

ಕೋಣೆಗಳನ್ನು ಬಿಡಿಸುವ ಮೊದಲು, ಬೇಕಾದ ಒಟ್ಟು ವಿಸ್ತೀರ್ಣವನ್ನು ಮೂರು ನಾಲ್ಕು ಬಗೆಯ ಬರಿಯ ಪೆಟ್ಟಿಗೆಗಳಲ್ಲಿ ಕೂರಿಸಿ ಹೋಲಿಸಿರಿ. 1,600 ಚದರ ಮೀಟರಿನ ಒಂದು ನರ್ಸಿಂಗ್ ಹೋಮ್ ಕಟ್ಟಬೇಕಿದೆ, ಮಹಡಿಯ ಎತ್ತರ 3.5 ಮೀಟರ್ ಎಂದಿಟ್ಟುಕೊಳ್ಳಿ. ಯಾವ ಆಕಾರಕ್ಕೂ ಒಳಗಿನ ಘನಗಾತ್ರ 5,600 ಘನ ಮೀಟರೇ.

ಒಂದೇ ಅಂತಸ್ತಿನಲ್ಲಿ 40 × 40 ಮೀಟರಿನ ಚೌಕ ಕಟ್ಟಿದರೆ ಗೋಡೆ 560 ಚದರ ಮೀಟರ್, ಮೇಲ್ಛಾವಣಿ 1,600, ಒಟ್ಟು ಹೊರಮೈ 2,160. ಎರಡು ಅಂತಸ್ತಿನ 40 × 20ರ ಆಯತವಾದರೆ ಗೋಡೆ 840, ಮೇಲ್ಛಾವಣಿ 800, ಒಟ್ಟು 1,640. ನಾಲ್ಕು ಅಂತಸ್ತಿನ 20 × 20ರ ಚೌಕವಾದರೆ ಗೋಡೆ 1,120, ಮೇಲ್ಛಾವಣಿ 400, ಒಟ್ಟು 1,520. ಇನ್ನು 40 × 30ರ ಆಯತದಲ್ಲಿ ಉದ್ದದ ಒಂದು ಬದಿಯಿಂದ ಒಳಗೆ 20 × 20ರ ಅಂಗಳ ಬಿಟ್ಟು, ಯು ಅಕ್ಷರದಂತೆ ಎರಡು ಅಂತಸ್ತು ಎಬ್ಬಿಸಿದರೆ ಗೋಡೆ 1,260, ಮೇಲ್ಛಾವಣಿ 800, ಒಟ್ಟು 2,060. ಹೊರಮೈಯನ್ನು ಘನಗಾತ್ರದಿಂದ ಭಾಗಿಸಿದಾಗ ಬರುವ ಅಂಕಿಗೆ ಮೇಲ್ಮೈ–ಘನಗಾತ್ರ ಅನುಪಾತ ಎನ್ನುತ್ತಾರೆ. ಈ ನಾಲ್ಕಕ್ಕೆ ಅದು ಕ್ರಮವಾಗಿ 0.39, 0.29, 0.27 ಮತ್ತು 0.37.

ಎರಡು ಅಂತಸ್ತಿನ ಆಯತಕ್ಕೂ ಯು ಆಕಾರಕ್ಕೂ ಗೋಡೆಯಲ್ಲಿ 420 ಚದರ ಮೀಟರ್ ವ್ಯತ್ಯಾಸವಿದೆ. ಎರಡೂ ಕಡೆ ಗಿಲಾವು ಮಾಡಿದ 9 ಇಂಚಿನ ಇಟ್ಟಿಗೆ ಗೋಡೆಯ ಯು-ಮೌಲ್ಯ ಸುಮಾರು 2. ಒಳಗೂ ಹೊರಗೂ ಒಂದು ಡಿಗ್ರಿ ಅಂತರವಿದ್ದಾಗ ಪ್ರತಿ ಚದರ ಮೀಟರಿನಿಂದ ಎಷ್ಟು ವ್ಯಾಟ್ ಶಾಖ ದಾಟುತ್ತದೆ ಎಂಬುದೇ ಯು-ಮೌಲ್ಯ. ಹೊರಗೆ 40 ಡಿಗ್ರಿ, ಒಳಗೆ 26 ಡಿಗ್ರಿ ಇರುವ ಮಧ್ಯಾಹ್ನ ಈ ಹೆಚ್ಚುವರಿ ಗೋಡೆಯೊಂದರಿಂದಲೇ 420 × 2 × 14, ಅಂದರೆ ಹತ್ತಿರಹತ್ತಿರ 11.8 ಕಿಲೋವ್ಯಾಟ್ ಶಾಖ ಒಳಬರುತ್ತದೆ. ಎಸಿಯ ಭಾಷೆಯಲ್ಲಿ ಇದು ಮೂರೂಕಾಲು ಟನ್ನಿಗಿಂತ ಸ್ವಲ್ಪ ಹೆಚ್ಚು. ಗೋಡೆಯ ಮೇಲೆ ನೇರವಾಗಿ ಬೀಳುವ ಬಿಸಿಲನ್ನಾಗಲಿ ಕಿಟಕಿಗಳನ್ನಾಗಲಿ ಇದರಲ್ಲಿ ಸೇರಿಸಿಲ್ಲ. ಅದೇ ಗೋಡೆಗೆ ಶಾಖನಿರೋಧಕ ಪದರ ಕೊಟ್ಟು ಯು-ಮೌಲ್ಯವನ್ನು 0.40ಕ್ಕೆ ಇಳಿಸಿದರೆ ಆ ಶಾಖ 2.4 ಕಿಲೋವ್ಯಾಟಿಗೆ ಇಳಿಯುತ್ತದೆ. ಗೋಡೆ ಸಾಧಾರಣವಾಗಿದ್ದಷ್ಟೂ ಆಕಾರದ ತೂಕ ಹೆಚ್ಚುತ್ತದೆ. ನಿರೋಧಕಕ್ಕೆ ಹಣವಿಲ್ಲ ಎನ್ನುವ ಮಾಲೀಕರೇ ಆಕಾರದ ವಿಷಯದಲ್ಲಿ ಹೆಚ್ಚು ಬಿಗಿಯಾಗಿರಬೇಕು. ವಾಸ್ತವದಲ್ಲಿ ನಡೆಯುವುದು ಇದಕ್ಕೆ ವಿರುದ್ಧ.

ಹಾಗೆಂದು ಅನುಪಾತ ಕಡಿಮೆಯಿದ್ದದ್ದೇ ಉತ್ತಮ ಎಂದು ನಿರ್ಧರಿಸಿಬಿಡಬೇಡಿ. ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ಬಿಸಿಲು ಗೋಡೆಗಿಂತ ಮೇಲ್ಛಾವಣಿಯ ಮೇಲೆ ಹೆಚ್ಚು ಬೀಳುವುದರಿಂದ, ಒಂದು ಚದರ ಮೀಟರ್ ಗಚ್ಚಿಯೂ ಒಂದು ಚದರ ಮೀಟರ್ ಉತ್ತರದ ಗೋಡೆಯೂ ಸಮವಲ್ಲ. ಮೇಲಿನ ನಾಲ್ಕರಲ್ಲಿ ಒಂದೇ ಅಂತಸ್ತಿನ ಚೌಕ ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟ ಆಯ್ಕೆ. ಅದರ ನಡುವಿನ ಕೋಣೆಗಳಿಗೆ ಹಗಲಿನ ಬೆಳಕೂ ತಲುಪುವುದಿಲ್ಲ. ಆಳವಾದ ಕಟ್ಟಡದಲ್ಲಿ ಗೋಡೆಯಿಂದ ಉಳಿಸಿದ್ದನ್ನು ಇಡೀ ಹಗಲು ಉರಿಯುವ ದೀಪಗಳು ತಿಂದುಹಾಕುತ್ತವೆ. ಆದಕಾರಣ ಪೆಟ್ಟಿಗೆ ಮಾದರಿಯಲ್ಲಿಯೇ ಹಗಲು ಬೆಳಕಿನ ನಿಯಂತ್ರಣವನ್ನು ಚಾಲೂ ಮಾಡಿ ನೋಡಬೇಕು. ಇಸಿಬಿಸಿ ಸಂಹಿತೆಯು 100ರಿಂದ 2,000 ಲಕ್ಸ್ (ಬೆಳಕಿನ ಅಳತೆಯ ಮಾನ) ನಡುವಿನ ಹಗಲು ಬೆಳಕನ್ನು ಉಪಯುಕ್ತವೆಂದು ಎಣಿಸುತ್ತದೆ.

ಹೋಲಿಸುವಾಗ ಗೋಡೆ, ಗಾಜು, ಎಸಿ, ಜನಸಂಖ್ಯೆ, ವೇಳಾಪಟ್ಟಿ ಎಲ್ಲವೂ ಎಲ್ಲ ಪೆಟ್ಟಿಗೆಗಳಿಗೆ ಒಂದೇ ಇರಲಿ. ಕಿಟಕಿಯ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಗೋಡೆಯ ಶೇಕಡಾ 30 ಎಂದು ಎಲ್ಲಕ್ಕೂ ಕೊಟ್ಟರೆ, ಗೋಡೆ ಹೆಚ್ಚಿರುವ ಆಕಾರಕ್ಕೆ ಗಾಜೂ ಹೆಚ್ಚಾಗಿ ಬಿದ್ದು ನೀವು ಆಕಾರವನ್ನಲ್ಲ, ಗಾಜನ್ನು ಅಳೆದಂತಾಗುತ್ತದೆ. ಚದರ ಮೀಟರಿನಲ್ಲಿ ಒಂದೇ ಅಳತೆಯ ಕಿಟಕಿ ಕೊಟ್ಟು ಒಮ್ಮೆ, ಶೇಕಡಾವಾರು ಕೊಟ್ಟು ಇನ್ನೊಮ್ಮೆ ಓಡಿಸಿ ನೋಡಿ.

4. ದಿಕ್ಕು ಮತ್ತು ನೆರಳು

ವಿಜಯಪುರ ಉತ್ತರ ಅಕ್ಷಾಂಶ 16.8 ಡಿಗ್ರಿಯಲ್ಲಿದೆ. ಡಿಸೆಂಬರ್ 21ರ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 50 ಡಿಗ್ರಿ ಎತ್ತರದಲ್ಲಿಯೂ, ಮಾರ್ಚ್ ಮತ್ತು ಸೆಪ್ಟೆಂಬರಿನ ಸಮರಾತ್ರಿಯ ದಿನಗಳಲ್ಲಿ 73 ಡಿಗ್ರಿ ಎತ್ತರದಲ್ಲಿಯೂ ಇರುತ್ತಾನೆ. ಮೇ ಮೊದಲ ವಾರ ಕಳೆಯುವ ಹೊತ್ತಿಗೆ ನೆತ್ತಿಯ ಮೇಲೆ ಬಂದು, ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದಲ್ಲಿಯೂ ಉತ್ತರಕ್ಕೇ ವಾಲಿರುತ್ತಾನೆ. ಉತ್ತರದ ಗೋಡೆಗೆ ಬಿಸಿಲೇ ಬೀಳುವುದಿಲ್ಲ ಎಂಬ ಮಾತು ನಮ್ಮ ಭಾಗಕ್ಕೆ ಪೂರ್ತಿ ಒಪ್ಪುವುದಿಲ್ಲ. ಆದರೂ ಉತ್ತರ ಮತ್ತು ದಕ್ಷಿಣದ ಕಿಟಕಿಗಳನ್ನು ಸಜ್ಜಾದಿಂದ ಕಾಯುವುದು ಸುಲಭ. 1.2 ಮೀಟರ್ ಎತ್ತರದ ದಕ್ಷಿಣದ ಕಿಟಕಿಗೆ ಸಮರಾತ್ರಿಯ ದಿನದ ಮಧ್ಯಾಹ್ನ ಪೂರ್ತಿ ನೆರಳು ಬೀಳಲು 36 ಸೆಂಟಿಮೀಟರಿನ ಸಜ್ಜಾ ಸಾಕು. ಡಿಸೆಂಬರಿನಲ್ಲಿ ಅದೇ ನೆರಳಿಗೆ ಒಂದು ಮೀಟರ್ ಬೇಕಾಗುತ್ತದೆ. ರೂಢಿಯ ಎರಡಡಿ ಸಜ್ಜಾ ಡಿಸೆಂಬರಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಗಾಜನ್ನು ಮರೆಮಾಡುವುದರಿಂದ ಅದು ಒಳ್ಳೆಯ ಹೊಂದಾಣಿಕೆ. ಪಶ್ಚಿಮದ ಕಿಟಕಿಗೆ ಎಷ್ಟೇ ಉದ್ದದ ಸಜ್ಜಾ ಹಾಕಿದರೂ ಸಂಜೆ ನಾಲ್ಕೂವರೆಯ ಬಿಸಿಲು ಅದರ ಅಡಿಯಿಂದಲೇ ನುಗ್ಗಿಬರುತ್ತದೆ. ಅಲ್ಲಿ ಮೆಟ್ಟಿಲು, ಶೌಚಾಲಯ, ಉಗ್ರಾಣಗಳನ್ನು ಇಡುವುದು ಅಥವಾ ಲಂಬವಾದ ಫಿನ್ನುಗಳನ್ನು, ಅಂದರೆ ಬಿಸಿಲು ತಡೆಯುವ ನಿಂತ ಪಟ್ಟಿಗಳನ್ನು ಕೊಡುವುದು ದಾರಿ.

40 × 20ರ ಆಯತದ ಉದ್ದವನ್ನು ಪೂರ್ವ–ಪಶ್ಚಿಮವಾಗಿ ಹಾಕಿದರೆ ಪೂರ್ವ ಮತ್ತು ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ 280 ಚದರ ಮೀಟರ್, 90 ಡಿಗ್ರಿ ತಿರುಗಿಸಿದರೆ 560. ಇದಕ್ಕೆ ಪ್ರಮಾಣಪತ್ರದಲ್ಲಿ ಮನ್ನಣೆ ಇದೆ. ಅನುಬಂಧ ಜಿ ಪ್ರಕಾರ ಬೇಸ್‌ಲೈನ್ ಕಟ್ಟಡವನ್ನು ಇದ್ದ ದಿಕ್ಕಿನಲ್ಲಿ ಒಮ್ಮೆ, ಆಮೇಲೆ 90, 180, 270 ಡಿಗ್ರಿ ತಿರುಗಿಸಿ ಮೂರು ಸಲ ಓಡಿಸಿ, ನಾಲ್ಕರ ಸರಾಸರಿ ತೆಗೆಯಬೇಕು. ನಿಮ್ಮ ಕಟ್ಟಡ ಒಳ್ಳೆಯ ದಿಕ್ಕಿನಲ್ಲಿ ಒಮ್ಮೆ ಮಾತ್ರ ಓಡುವುದರಿಂದ ವ್ಯತ್ಯಾಸ ನಿಮ್ಮ ಲೆಕ್ಕಕ್ಕೆ ಜಮೆಯಾಗುತ್ತದೆ. ಬಾಗಲಕೋಟೆ ನವನಗರದ ಸೆಕ್ಟರುಗಳಂತೆ ನಿವೇಶನದ ಅಳತೆಯೂ ರಸ್ತೆಯ ಮುಖವೂ ಮೊದಲೇ ಗೊತ್ತಾಗಿರುವ ಕಡೆ ದಿಕ್ಕು ಬದಲಿಸುವ ಅವಕಾಶವೇ ಇರುವುದಿಲ್ಲ. ನಿವೇಶನವೇ ದಿಕ್ಕನ್ನು ನಿರ್ಧರಿಸಿದೆ ಎಂದು ತೋರಿಸಿಕೊಟ್ಟರೆ ತಿರುಗಿಸುವುದರಿಂದ ವಿನಾಯಿತಿ ಕೊಡುವ ಆವೃತ್ತಿಗಳಿವೆ. ನೀವು ನೋಂದಾಯಿಸಿದ ಆವೃತ್ತಿಯ ಪಠ್ಯವನ್ನೇ ತೆರೆದು ನೋಡಿ.

ಇಸಿಬಿಸಿ 2017ರಲ್ಲಿ ನಮ್ಮ ಮೂರೂ ಜಿಲ್ಲೆಗಳಿಗೆ ಉಪಯೋಗವಾಗುವ ಒಂದು ಸಣ್ಣ ಅವಕಾಶವಿದೆ. ಗಾಜಿನ ಮೇಲೆ ಬಿದ್ದ ಬಿಸಿಲಿನ ಶಾಖದಲ್ಲಿ ಒಳಬರುವ ಪಾಲನ್ನು ಎಸ್‌ಎಚ್‌ಜಿಸಿ ಎನ್ನುತ್ತಾರೆ. ಉತ್ತರ ಬಿಟ್ಟು ಬೇರೆ ದಿಕ್ಕುಗಳಿಗೆ ಅದರ ಮಿತಿ 0.27. ಅಕ್ಷಾಂಶ 15 ಡಿಗ್ರಿ ಅಥವಾ ಅದಕ್ಕಿಂತ ಉತ್ತರದ ಊರುಗಳಲ್ಲಿ ಉತ್ತರದ ಗಾಜಿಗೆ 0.50ರವರೆಗೆ ಅವಕಾಶವಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಆ ಗೆರೆಯ ಮೇಲಿವೆ, ಬೆಂಗಳೂರು ಕೆಳಗಿದೆ. ಬೆಂಗಳೂರಿನ ಕಟ್ಟಡಕ್ಕೆ ಮಾಡಿದ ಕೋಷ್ಟಕವನ್ನು ನಕಲು ಮಾಡಿದವರು ಈ ಅವಕಾಶವನ್ನು ಸುಮ್ಮನೆ ಕಳೆದುಕೊಳ್ಳುತ್ತಾರೆ.

5. ಆಕಾರವನ್ನು ತಂತ್ರಾಂಶದಲ್ಲಿ ಬಿಡಿಸುವುದು

ಕಟ್ಟಡವನ್ನು ಜೋನ್‌ಗಳಾಗಿ, ಅಂದರೆ ಒಂದೇ ಉಷ್ಣತೆಯಲ್ಲಿರುವ ಭಾಗಗಳಾಗಿ ಒಡೆಯಬೇಕು. ಕೋಣೆಗಳು ಗೊತ್ತಿಲ್ಲದಿದ್ದರೆ ಹೊರಗೋಡೆಯಿಂದ 15 ಅಡಿ ಆಳದವರೆಗೆ ಪ್ರತಿ ದಿಕ್ಕಿಗೊಂದು ಅಂಚಿನ ಜೋನ್, ನಡುವೆ ಒಂದು ತಿರುಳಿನ ಜೋನ್ ಎಂಬ ಕ್ರಮವಿದೆ. ಪೂರ್ವ ಮತ್ತು ಪಶ್ಚಿಮಗಳನ್ನು ಒಂದೇ ಜೋನಿನಲ್ಲಿ ಸೇರಿಸಿದರೆ ಬೆಳಗಿನ ಬಿಸಿಯೂ ಸಂಜೆಯ ಬಿಸಿಯೂ ಬೆರೆತು ಎಸಿಯ ಗರಿಷ್ಠ ಹೊರೆ ಸುಳ್ಳಾಗುತ್ತದೆ.

ಎಲ್ ಮತ್ತು ಯು ಆಕಾರಗಳಲ್ಲಿ ತೊಡಕು ಇಲ್ಲಿಯೇ ಶುರುವಾಗುವುದು. ಎನರ್ಜಿಪ್ಲಸ್‌ನಲ್ಲಿ ಬಿಸಿಲು ಕಿಟಕಿಯ ಮೂಲಕ ಒಳಗೆ ಬಂದು ಯಾವ ಗೋಡೆಗೆ ತಾಗುತ್ತದೆ ಎಂಬುದನ್ನು ಲೆಕ್ಕ ಹಾಕುವ 'ಫುಲ್ ಇಂಟೀರಿಯರ್ ಆ್ಯಂಡ್ ಎಕ್ಸ್‌ಟೀರಿಯರ್' ಎಂಬ ಆಯ್ಕೆಯು, ಜೋನ್ ಒಳಮಡಿಕೆಯಿಲ್ಲದೆ ಇದ್ದಾಗ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಎಲ್ ಆಕಾರದ ಇಡೀ ಮಹಡಿಯನ್ನು ಒಂದೇ ಜೋನಾಗಿ ಬಿಟ್ಟರೆ ತಂತ್ರಾಂಶ ತಕರಾರು ತೆಗೆಯುತ್ತದೆ. ಎಲ್ ಅನ್ನು ಎರಡು ಆಯತಗಳಾಗಿ ಒಡೆಯಿರಿ, ಇಲ್ಲವೇ 'ಫುಲ್ ಎಕ್ಸ್‌ಟೀರಿಯರ್' ಆಯ್ಕೆಗೆ ಬದಲಾಯಿಸಿ. ಹಾಗೆ ಒಡೆದಾಗ ನಡುವಿನ ಗೋಡೆಯ ಎರಡೂ ಮುಖಗಳು ಒಂದಕ್ಕೊಂದು ಜೋಡಣೆಯಾಗಿವೆಯೇ ಎಂದು ಪರಿಶೀಲಿಸಿ. ಜೋಡಣೆ ತಪ್ಪಿದ ಒಳಗೋಡೆಯನ್ನು ತಂತ್ರಾಂಶ ಹೊರಗೋಡೆಯೆಂದೇ ತಿಳಿದು ಬಿಸಿಲಿಗೆ ಒಡ್ಡಬಹುದು. ಎಡವಟ್ಟನ್ನು ಹಿಡಿಯುವ ಸುಲಭ ದಾರಿಯೆಂದರೆ ವರದಿಯಲ್ಲಿ ಬಂದ ಹೊರಗೋಡೆಯ ಒಟ್ಟು ವಿಸ್ತೀರ್ಣವನ್ನು ಕೈಲೆಕ್ಕದೊಂದಿಗೆ ತಾಳೆ ನೋಡುವುದು. ಮೇಲಿನ ಯು ಕಟ್ಟಡಕ್ಕೆ 1,260 ಬರಬೇಕಾದಲ್ಲಿ 1,500 ಬಂದರೆ ಎಲ್ಲೋ ಒಳಗೋಡೆ ಹೊರಗೆ ನಿಂತಿದೆ ಎಂದೇ ಅರ್ಥ.

ಬಾಗಿದ ಗೋಡೆಯನ್ನು ಕೆಲವೇ ನೇರ ತುಂಡುಗಳಾಗಿ ಸರಳಗೊಳಿಸಿ. ನೂರು ತುಂಡು ಮಾಡಿದರೆ ಲೆಕ್ಕ ನಿಧಾನವಾಗುತ್ತದೆಯೇ ಹೊರತು ಉತ್ತರ ಅಷ್ಟೇನೂ ಬದಲಾಗುವುದಿಲ್ಲ.

6. ಬೇಸ್‌ಲೈನ್‌ನಲ್ಲಿ ಆಕಾರವನ್ನು ನಡೆಸಿಕೊಳ್ಳುವ ರೀತಿ

ಬೇಸ್‌ಲೈನ್ ನಿಮ್ಮ ಕಟ್ಟಡದ ವಿಸ್ತೀರ್ಣ ಮತ್ತು ಹೊರ ಅಳತೆಗಳನ್ನು ಉಳಿಸಿಕೊಳ್ಳುತ್ತದೆ, ಆದರೆ ಅದರ ಕಿಟಕಿಗಳು ಗೋಡೆಯ ಮಟ್ಟಕ್ಕೇ ಇರುತ್ತವೆ, ಸಜ್ಜಾಗಳಿರುವುದಿಲ್ಲ, ಮತ್ತು ಕಟ್ಟಡ ತನ್ನ ನೆರಳನ್ನು ತನ್ನ ಮೇಲೆಯೇ ಹಾಕಿಕೊಳ್ಳದಂತೆ ಅದನ್ನು ಮಾಡೆಲ್ ಮಾಡಬೇಕು. ಈ ಕಡೆಯ ನಿಯಮದಿಂದ ಒಂದು ವಿಚಿತ್ರ ಹುಟ್ಟುತ್ತದೆ. ಯು ಆಕಾರದ ಒಂದು ರೆಕ್ಕೆ ಇನ್ನೊಂದಕ್ಕೆ ಕೊಡುವ ನೆರಳು ನಿಮ್ಮ ಮಾದರಿಯಲ್ಲಿ ಲೆಕ್ಕಕ್ಕೆ ಬರುತ್ತದೆ, ಬೇಸ್‌ಲೈನ್‌ನಲ್ಲಿ ಬರುವುದಿಲ್ಲ. ಹೆಚ್ಚುವರಿ ಗೋಡೆಯ ನಷ್ಟವಂತೂ ಎರಡರಲ್ಲಿಯೂ ಸಮನಾಗಿದೆ. ಹೀಗಾಗಿ ಹೆಚ್ಚು ಕರೆಂಟು ತಿನ್ನುವ ಯು ಕಟ್ಟಡವೇ, ಕಡಿಮೆ ತಿನ್ನುವ ಸರಳ ಆಯತಕ್ಕಿಂತ ಶೇಕಡಾವಾರು ಉಳಿತಾಯದಲ್ಲಿ ಮುಂದೆ ಕಾಣಿಸಿಕೊಳ್ಳಬಹುದು. ಅಂಕಕ್ಕಾಗಿ ಆಕಾರ ಆರಿಸಬೇಡಿ ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ. ಹೆಸ್ಕಾಂ ಬಿಲ್ಲಿನಲ್ಲಿ ಬರುವುದು ಯೂನಿಟ್ಟುಗಳೇ ಹೊರತು ಶೇಕಡಾವಾರಲ್ಲ.

ಸ್ವಂತ ನೆರಳನ್ನು ತೆಗೆಯಲು ಕೆಲವರು ಎನರ್ಜಿಪ್ಲಸ್‌ನ 'ಮಿನಿಮಲ್ ಶ್ಯಾಡೋಯಿಂಗ್' ಆಯ್ಕೆಯನ್ನು ಒತ್ತಿಬಿಡುತ್ತಾರೆ. ಅದರಿಂದ ಪಕ್ಕದ ಕಟ್ಟಡಗಳ ನೆರಳೂ ಮಾಯವಾಗುತ್ತದೆ. ನೆರೆಕಟ್ಟಡಗಳ ನೆರಳು ಎರಡೂ ಮಾದರಿಗಳಲ್ಲಿ ಒಂದೇ ರೀತಿ ಇರಬೇಕಾದ್ದರಿಂದ, ಮಾರುಕಟ್ಟೆಯ ಇಕ್ಕಟ್ಟಿನ ನಿವೇಶನಗಳಲ್ಲಿ ಈ ತಪ್ಪು ದೊಡ್ಡದಾಗುತ್ತದೆ.

ಗಾಜಿನ ಪ್ರಮಾಣದಲ್ಲಿಯೂ ಆವೃತ್ತಿಯಿಂದ ಆವೃತ್ತಿಗೆ ವ್ಯತ್ಯಾಸವಿದೆ. 90.1ರ 2010ರ ಆವೃತ್ತಿಯಲ್ಲಿ ಬೇಸ್‌ಲೈನ್‌ನ ಕಿಟಕಿ ನಿಮ್ಮದಷ್ಟೇ ಇರುತ್ತದೆ, ಗೋಡೆಯ ಶೇಕಡಾ 40ನ್ನು ಮಾತ್ರ ಮೀರುವುದಿಲ್ಲ. ನೀವು ಗಾಜನ್ನು 35ರಿಂದ 20ಕ್ಕೆ ಇಳಿಸಿದರೂ ಬೇಸ್‌ಲೈನ್ ಜೊತೆಯಲ್ಲೇ ಇಳಿದು ಲಾಭ ಕಾಣುವುದಿಲ್ಲ. 2016ರ ಆವೃತ್ತಿಯಲ್ಲಿ ಕಟ್ಟಡದ ಬಗೆಗೆ ತಕ್ಕಂತೆ ಪ್ರಮಾಣ ನಿಗದಿಯಾಗಿದ್ದು, ಮಧ್ಯಮ ಗಾತ್ರದ ಕಚೇರಿಗೆ ಅದು ಶೇಕಡಾ 31. ಅಲ್ಲಿ ಗಾಜು ಕಡಿಮೆ ಮಾಡಿದ್ದಕ್ಕೆ ಮನ್ನಣೆ ಸಿಗುತ್ತದೆ.

7. ಫಲಿತಾಂಶ ನಂಬುವ ಮೊದಲು

ಎಸಿ ತನ್ನ ಕೆಲಸ ಪೂರೈಸಲಾಗದೆ ಉಷ್ಣತೆ ಮಿತಿ ಮೀರಿದ ಗಂಟೆಗಳು 300 ದಾಟಬಾರದು. ದಾಟಿದರೆ ಕಡಿಮೆ ಇಪಿಐ ಬಂದಿರುವುದು ಕಟ್ಟಡದ ಗುಣದಿಂದಲ್ಲ, ಒಳಗಿನವರು ಬೆವರುತ್ತಿರುವುದರಿಂದ.

ಎಸಿಯಿಲ್ಲದ ಕಟ್ಟಡಕ್ಕೆ ಇಪಿಐ ಒಂದನ್ನೇ ನೋಡಿ ಆಕಾರ ಆರಿಸಲಾಗದು, ಏಕೆಂದರೆ ಅಲ್ಲಿ ಬಳಕೆಯೆಂದರೆ ಫ್ಯಾನು ಮತ್ತು ದೀಪ ಮಾತ್ರ. ಹಿತಕರ ಗಂಟೆಗಳು ಎಷ್ಟು ಎಂಬುದನ್ನು ಎಣಿಸಬೇಕು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ಸೇರಿರುವ ಐಮ್ಯಾಕ್ ಎಂಬ, ಜನ ಹೊರಗಿನ ಹವೆಗೆ ಒಗ್ಗಿಕೊಳ್ಳುವುದನ್ನು ಲೆಕ್ಕಕ್ಕೆ ಹಿಡಿಯುವ ಭಾರತೀಯ ಹೊಂದಾಣಿಕೆ ಮಾದರಿ ಅದಕ್ಕೆ ತಕ್ಕ ಅಳತೆ.

ಅಂಗಳದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಕಡೆಯ ವಾಡೆಗಳಲ್ಲಿ ದಪ್ಪ ಗೋಡೆ, ಮಣ್ಣಿನ ಮಾಳಿಗೆ ಮತ್ತು ನಡುವಿನ ಅಂಗಳ ಒಂದಕ್ಕೊಂದು ಪೂರಕವಾಗಿ, ರಾತ್ರಿಯ ತಂಪನ್ನು ಹಗಲಿಗೆ ಹಿಡಿದಿಡುತ್ತಿದ್ದವು. ಅಂಗಳಕ್ಕೆ ತೆರೆದ ಬಾಗಿಲು ಕಿಟಕಿಗಳಿಂದ ಗಾಳಿ ಆಡುವ ಕಟ್ಟಡಕ್ಕೆ ಅದು ಇಂದಿಗೂ ಒಳ್ಳೆಯದೇ. ಕಿಟಕಿ ಮುಚ್ಚಿ ಎಸಿ ಹಾಕುವ ಆಸ್ಪತ್ರೆಯಲ್ಲಿ ಮಾತ್ರ ಅದೇ ಅಂಗಳ ಶಾಖಕ್ಕೆ ಒಡ್ಡಿದ ಹೆಚ್ಚುವರಿ ಗೋಡೆಯಾಗುತ್ತದೆ. ಇನ್ನೊಂದು ಮಿತಿಯೂ ಇದೆ: ಎನರ್ಜಿಪ್ಲಸ್ ಸಾಮಾನ್ಯವಾಗಿ ಅಂಗಳದ ಗಾಳಿಗೂ ಹವಾಮಾನ ಕಡತದ ಉಷ್ಣತೆಯನ್ನೇ ಹಿಡಿಯುವುದರಿಂದ, ನೆರಳಿನ ಅಂಗಳದಲ್ಲಿ ನಿಲ್ಲುವ ತಂಪು ಗಾಳಿ ಲೆಕ್ಕದಲ್ಲಿ ಕಾಣುವುದಿಲ್ಲ. ಆ ಲಾಭವನ್ನು ಊಹೆಯಿಂದ ಕೈಯಾರೆ ಸೇರಿಸಬೇಡಿ, ಪರಿಶೀಲಕರು ಅದನ್ನು ಒಪ್ಪುವುದಿಲ್ಲ.

8. ಸಲ್ಲಿಸುವಾಗ

ಎರಡೂ ಮಾದರಿಗಳ ಇನ್‌ಪುಟ್ ಕಡತ, ಬೇಸ್‌ಲೈನ್‌ನ ನಾಲ್ಕೂ ದಿಕ್ಕುಗಳ ಫಲಿತಾಂಶ, ದಿಕ್ಕುವಾರು ಗೋಡೆ ಮತ್ತು ಕಿಟಕಿಯ ವಿಸ್ತೀರ್ಣದ ಕೋಷ್ಟಕ, ಜೋನ್ ನಕ್ಷೆ ಇವಿಷ್ಟನ್ನು ಒಟ್ಟಿಗೆ ಇಡಿ. ಮೂರನೆಯ ಹಂತದ ಪೆಟ್ಟಿಗೆ ಹೋಲಿಕೆಯನ್ನು ಯಾರೂ ಕೇಳದಿದ್ದರೂ ಮಾಲೀಕರ ಪ್ರತಿಯಲ್ಲಿ ಲಗತ್ತಿಸಿ. ಮುಂದೆ ಅದೇ ಆವರಣದಲ್ಲಿ ಇನ್ನೊಂದು ಬ್ಲಾಕ್ ಕಟ್ಟುವಾಗ ಮೊದಲು ಬೇಕಾಗುವುದು ಆ ಹಾಳೆ.